ಮಂಡಿಯ ಶಸ್ತ್ರಚಿಕಿತ್ಸೆಯೂ ತರುವಾಯದ ನೋವೂ

ಅರುವತ್ತು ದಾಟಿದ ಹೆಂಗಸರು ನೆಲದಿಂದ ಏಳುವಾಗ ಗೋಡೆಗೆ ಕೈಯೂರಿ ‘ಅಮ್ಮಾ’ ಎಂದು ಉಸಿರುಬಿಡುವುದು ನಮ್ಮ ಮನೆಗಳಲ್ಲಿ ಎಷ್ಟು ಸಾಮಾನ್ಯವಾಗಿ ಹೋಗಿದೆಯೆಂದರೆ, ಅಡುಗೆಮನೆಯ ಕಡೆಯಿಂದ ಆ ಶಬ್ದವು ಕೇಳಿಬಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಮಂಡಿಯ ಕೀಲಿನಲ್ಲಿ ಎಲುಬಿನ ತುದಿಗಳಿಗೆ ಹೊದಿಕೆಯಂತಿರುವ ನುಣುಪಾದ ಮೃದ್ವಸ್ಥಿಯು ಸವೆದು, ಎಲುಬಿಗೆ ಎಲುಬು ತಗುಲಿ ಉಜ್ಜತೊಡಗಿದಾಗ ಹುಟ್ಟುವ ನೋವು ಅದು. ಎಣ್ಣೆ ತಿಕ್ಕಿ, ಶಾಖ ಕೊಟ್ಟು, ಗುಳಿಗೆ ನುಂಗಿ, ಕೀಲಿನೊಳಕ್ಕೆ ಇಂಜೆಕ್ಷನ್ ಹಾಕಿಸಿ, ಇವೆಲ್ಲವೂ ಮುಗಿದ ಮೇಲೆ, ಹತ್ತು ಹೆಜ್ಜೆ ನಡೆಯುವುದೂ ದುಸ್ತರವಾದಾಗ, ಸವೆದ ಭಾಗಗಳನ್ನು ಕೊಯ್ದು ತೆಗೆದು ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಕೂಡಿಸುವ ಶಸ್ತ್ರಚಿಕಿತ್ಸೆಗೆ ಈಗ ನಮ್ಮ ನಾಡಿನ ಅನೇಕ ಊರುಗಳಲ್ಲಿ ಅನುಕೂಲವಿದೆ. ಅದನ್ನು ಮಾಡಿಸಲು ಹೊರಟ ಮನೆಯವರು ಖರ್ಚೆಷ್ಟು, ವೈದ್ಯರು ಯಾರು, ಆಸ್ಪತ್ರೆಯಲ್ಲಿ ಎಷ್ಟು ದಿನ ಇರಬೇಕು ಎಂಬುದನ್ನೆಲ್ಲ ಹತ್ತು ಜನರಲ್ಲಿ ವಿಚಾರಿಸುತ್ತಾರೆ. ಶಸ್ತ್ರಚಿಕಿತ್ಸೆಯಾದ ರಾತ್ರಿ ನೋವಿಗೆ ಏನು ಏರ್ಪಾಡು ಎಂದು ಮಾತ್ರ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಅದರ ಫಲವನ್ನು ಅನುಭವಿಸಿದವಳು ನನ್ನ ಅಕ್ಕ.

ಆಕೆ ನನಗಿಂತ 8 ವರ್ಷ ಹಿರಿಯಳು. ನಮ್ಮ ತಾಯಿ ಬೇಗನೆ ತೀರಿಕೊಂಡುದರಿಂದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳೂ ಆಕೆಯೇ. ಆಕೆಯ ಬಲಮಂಡಿಗೆ 2022ನೆಯ ಇಸವಿಯಲ್ಲಿಯೂ ಎಡಮಂಡಿಗೆ 2024ನೆಯ ಇಸವಿಯಲ್ಲಿಯೂ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ದೇಹವೊಂದೇ, ಊರೊಂದೇ, ಶಸ್ತ್ರಚಿಕಿತ್ಸೆಯ ಕ್ರಮವೂ ಹೆಚ್ಚುಕಡಿಮೆ ಒಂದೇ. ಆದರೂ ಎರಡು ಮಂಡಿಗಳ ಕಥೆ ಒಂದೇ ಆಗಲಿಲ್ಲ.

ನೋವನ್ನು ಬಾಯಿಬಿಟ್ಟು ಹೇಳುವುದು ಅಕ್ಕನ ಸ್ವಭಾವದಲ್ಲಿಯೇ ಇಲ್ಲ. ಒಮ್ಮೆ ಮದುವೆಯ ಮನೆಯಲ್ಲಿ ಕುದಿಯುವ ಸಾರು ಕೈಯ ಮೇಲೆ ಚೆಲ್ಲಿದಾಗ, ಪಂಕ್ತಿಯಲ್ಲಿ ಕುಳಿತವರ ಊಟ ಮುಗಿಯುವವರೆಗೂ ಸುಟ್ಟ ಕೈಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಮತ್ತೊಂದು ಕೈಯಿಂದ ಬಡಿಸಿದಳೆಂಬುದನ್ನು ನಮ್ಮ ಬಂಧುವರ್ಗದವರು ಇಂದಿಗೂ ಮೆಚ್ಚಿ ಹೇಳುತ್ತಾರೆ. ನಾನಾದರೋ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಟ್ಟವನು. ಶೀತೋಷ್ಣಗಳನ್ನೂ ಸುಖದುಃಖಗಳನ್ನೂ ಗೊಣಗದೆ ಸಹಿಸುವ ಗುಣಕ್ಕೆ ತಿತಿಕ್ಷೆಯೆಂದು ಹೆಸರೆಂಬುದನ್ನು ಹಲಗೆಯ ಮೇಲೆ ಬರೆದು ಹುಡುಗರಿಂದ ಹೇಳಿಸುತ್ತಿದ್ದವನು. ಆ ಪದಕ್ಕೆ ಉದಾಹರಣೆ ಬೇಕಾದಾಗಲೆಲ್ಲ ನನ್ನ ಮನಸ್ಸಿಗೆ ಬರುತ್ತಿದ್ದವಳು ಅಕ್ಕನೇ.

ಬಲಮಂಡಿಯ ಶಸ್ತ್ರಚಿಕಿತ್ಸೆಯು ಬೆಳಗ್ಗೆ 10 ಗಂಟೆಯ ಸುಮಾರಿಗೆ ನಡೆಯಿತು. ಬೆನ್ನಿನ ಕೆಳಭಾಗದಲ್ಲಿ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಅರಿವಿಲ್ಲದಂತೆ ಮಾಡಿದ್ದರು. ತೊಡೆಯಲ್ಲಿಯೂ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಸಂಜೆಯ ಹೊತ್ತಿಗೆ ಅಕ್ಕ ದಿಂಬಿಗೆ ಒರಗಿ ಎರಡು ಇಡ್ಲಿ ತಿಂದು, ‘ಇಷ್ಟಕ್ಕೇ ಇಷ್ಟು ವರ್ಷ ಹೆದರಿಕೊಂಡೆನಲ್ಲೋ’ ಎಂದು ನಕ್ಕಳು. ನಾನು ಹೊರಗೆ ಬಂದು ಬಂಧುಗಳಿಗೆಲ್ಲ ಫೋನ್ ಮಾಡಿ, ನೋವೆಂಬುದೇ ಇಲ್ಲವೆಂದು ತಿಳಿಸಿದೆನು. ಆ ಸುಖವು ತೊಡೆಗೆ ಹಾಕಿದ ಮದ್ದಿನದೆಂದೂ, ಅದು ನಡುರಾತ್ರಿಯ ಮೇಲೆ ಇಳಿದುಹೋಗುವುದೆಂದೂ ನಮಗೆ ಯಾರೂ ಹೇಳಿರಲಿಲ್ಲ.

ರಾತ್ರಿ 3 ಗಂಟೆಯ ಹೊತ್ತಿಗೆ ನನಗೆ ಎಚ್ಚರವಾಯಿತು. ಅಕ್ಕ ಅಲುಗದೆ ಮಲಗಿದ್ದಳು, ಆದರೆ ಕಣ್ಣು ತೆರೆದಿದ್ದವು. ಅಷ್ಟರಲ್ಲಿ ನರ್ಸ್ ಹುಡುಗಿ ಬಂದು, ‘ಅಜ್ಜಿ, ನೋವು ಹೇಗಿದೆ? ಹತ್ತಕ್ಕೆ ಎಷ್ಟು ಹೇಳ್ತೀರಿ?’ ಎಂದು ಕೇಳಿದಳು. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ, ‘ಎರಡು’ ಎಂದಳು. ಆ ಹುಡುಗಿಯು ಎರಡೆಂದು ಬರೆದುಕೊಂಡು ಹೋದಳು. ಬೆಳಕು ಹರಿದ ಮೇಲೆ ನೋಡಿದರೆ, ಹೊದಿಕೆಯ ಅಂಚನ್ನು ಆಕೆ ಹಲ್ಲಿನಿಂದ ಕಚ್ಚಿ ಹರಿದುಹಾಕಿದ್ದಳು. ಆಗಲಾದರೂ ನನಗೆ ಬುದ್ಧಿ ಬರಬೇಕಾಗಿದ್ದಿತು. ನಾನು ಮಾಡಿದುದೇನೆಂದರೆ, ‘ಅಕ್ಕಾ, ನಿನ್ನ ಸಹನೆ ಯಾರಿಗೂ ಬರುವುದಲ್ಲ’ ಎಂದು ಹೊಗಳಿದುದು.

ಆ ದಿನ ಅಂಗಸಾಧನೆ ಮಾಡಿಸಲು ಬಂದ ಫಿಸಿಯೋಥೆರಪಿಯವರು ಮಂಡಿಯನ್ನು ಮಡಿಸಹೋದರೆ ಅದು ಹಲಗೆಯಂತೆ ಬಿಗಿದುಕೊಂಡಿದ್ದಿತು. ನೋಯುವ ಕೀಲನ್ನು ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿಹಿಡಿಯುತ್ತವೆ. ಅದನ್ನು ಸಂಕಲ್ಪಬಲದಿಂದ ಸಡಿಲಿಸಲು ಆಗುವುದಿಲ್ಲ. ಮನೆಗೆ ಬಂದ ಮೇಲೆಯೂ ಆಕೆ ಗುಳಿಗೆಗಳನ್ನು ‘ಉಷ್ಣ’ವೆಂದು ಬಿಟ್ಟಳು, ನೋವಿನಿಂದ ಸಾಧನೆಯನ್ನೂ ಬಿಟ್ಟಳು. ಹೊಸ ಕೀಲಿನ ಸುತ್ತ ಗಾಯವು ಮಾಯುವಾಗ ಹುಟ್ಟುವ ನಾರಿನಂತಹ ಅಂಶವು ಮೊದಲ ಕೆಲವು ವಾರಗಳಲ್ಲಿ ಕಾಲನ್ನು ಆಡಿಸದಿದ್ದರೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಏಳನೆಯ ವಾರದಲ್ಲಿ ಅಳೆದಾಗ ಮಂಡಿಯು 65 ಡಿಗ್ರಿಗಿಂತ ಮಡಿಯಲಿಲ್ಲ. ಕುರ್ಚಿಯಿಂದ ಸರಾಗವಾಗಿ ಏಳಬೇಕಾದರೆ 90 ಡಿಗ್ರಿಯಾದರೂ ಬೇಕು. ಕೊನೆಗೆ ಆಕೆಯನ್ನು ಮತ್ತೊಮ್ಮೆ ಶಸ್ತ್ರಚಿಕಿತ್ಸೆಯ ಕೊಠಡಿಗೆ ಒಯ್ದು, ಅರಿವಳಿಕೆ ಕೊಟ್ಟು, ವೈದ್ಯರು ಬಲವಂತದಿಂದ ಮಂಡಿಯನ್ನು ಮಡಿಸಿದರು. ಬಾಗಿಲಿನ ಹೊರಗೆ ಕುಳಿತಿದ್ದ ನಾನು ಆ ದಿನ ತಿತಿಕ್ಷೆಯೆಂಬ ಪದವನ್ನು ಕುರಿತು ಬಹಳ ಹೊತ್ತು ಯೋಚಿಸಿದೆನು.

ವೇದನೆಯೆಂಬ ಶಬ್ದವು ‘ವಿದ್’ ಎಂಬ ಧಾತುವಿನಿಂದ ಬಂದುದು. ಆ ಧಾತುವಿಗೆ ಅರಿವೆಂದು ಅರ್ಥ. ವೇದ, ವಿದ್ಯೆ, ವೇದನೆ ಮೂರೂ ಒಂದೇ ಮನೆಯ ಮಕ್ಕಳು. ದೇಹದಲ್ಲಿ ಎಲ್ಲಿಯೋ ಹಾನಿಯಾಗಿದೆಯೆಂಬ ಅರಿವನ್ನು ತರುವುದೇ ವೇದನೆಯ ಕೆಲಸ. ಹಿಂದಿನ ಪಠ್ಯಪುಸ್ತಕಗಳಲ್ಲಿ ನರಗಳಿಗೆ ಜ್ಞಾನತಂತುಗಳೆಂದು ಕರೆಯುತ್ತಿದ್ದುದು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ವೈದ್ಯನೇ ತಿಳಿದು ಬುದ್ಧಿಪೂರ್ವಕವಾಗಿ ಮಾಡಿದ ಗಾಯದ ಸುದ್ದಿಯನ್ನು ಮತ್ತೆಮತ್ತೆ ಕೇಳಿ ಪಡೆಯುವ ಜ್ಞಾನವಾದರೂ ಏನು? ನಮ್ಮ ಪೂರ್ವಿಕರೂ ಈ ವಿಷಯದಲ್ಲಿ ನಾನು ತಿಳಿದಿದ್ದಷ್ಟು ಕಠಿನರಾಗಿರಲಿಲ್ಲ. ಶಸ್ತ್ರಕರ್ಮಕ್ಕೆ ಮುಂಚೆ ರೋಗಿಗೆ ಇಷ್ಟವಾದುದನ್ನು ಉಣ್ಣಿಸಬೇಕೆಂದೂ, ಮದ್ಯದ ಅಭ್ಯಾಸವಿದ್ದು ವೇದನೆಯನ್ನು ತಾಳಲಾರದವನಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಸುಶ್ರುತಸಂಹಿತೆಯಲ್ಲಿ ವಿಧಿಸಿದೆ. ವೇದನೆಯನ್ನು ತಾಳಲಾರದವನನ್ನು ಅಲ್ಲಿ ಹೀಗಳೆದಿಲ್ಲ. ಅವನಿಗೆ ಉಪಾಯವನ್ನು ಹೇಳಿದೆ. (ಉಣ್ಣಿಸುವ ವಿಧಿಯನ್ನು ಮಾತ್ರ ಈಗ ಯಾರೂ ಅನುಸರಿಸಬಾರದು. ಅರಿವಳಿಕೆಗೆ ಮುಂಚೆ ಹೊಟ್ಟೆ ಬರಿದಾಗಿರಬೇಕು. ‘ಪಾಪ, ಹಸಿದಿದ್ದಾಳೆ’ ಎಂದು ಮರೆಯಲ್ಲಿ ಕಾಫಿ ಕೊಡುವ ಬಂಧುಗಳಿಂದ ಶಸ್ತ್ರಚಿಕಿತ್ಸೆಯೇ ಮುಂದಕ್ಕೆ ಹೋಗಬಹುದು.)

ನರಗಳ ಬಳಿಗೇ ಮದ್ದನ್ನು ಮುಟ್ಟಿಸಿ, ಮನುಷ್ಯನು ಎಚ್ಚರವಾಗಿರುವಾಗಲೇ ಒಂದು ಅಂಗದ ಅರಿವನ್ನು ಅಡಗಿಸುವ ವಿದ್ಯೆಯು ಹೆಚ್ಚು ಹಳೆಯದಲ್ಲ. 1884ರಲ್ಲಿ ವಿಯೆನ್ನಾ ನಗರದ ಕಾರ್ಲ್ ಕೋಲರ್ ಎಂಬ ತರುಣ ವೈದ್ಯನು ಕೊಕೇನಿನ ದ್ರಾವಣವನ್ನು ಕಣ್ಣಿಗೆ ಬಿಟ್ಟರೆ ಕಣ್ಣು ಅರಿವು ತಪ್ಪುವುದೆಂಬುದನ್ನು ತೋರಿಸಿಕೊಟ್ಟನು. 1898ರಲ್ಲಿ ಜರ್ಮನಿಯ ಕೀಲ್ ಎಂಬ ಊರಿನಲ್ಲಿ ಔಗುಸ್ಟ್ ಬೀರ್ ಎಂಬ ಶಸ್ತ್ರವೈದ್ಯನು ಅದೇ ಮದ್ದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರಿಸಿ ಕಾಲಿನ ಶಸ್ತ್ರಚಿಕಿತ್ಸೆಗಳನ್ನು ಮಾಡಿದನು. ಇದರ ನಿಜವನ್ನು ತನ್ನಲ್ಲಿಯೇ ಪರೀಕ್ಷಿಸಬೇಕೆಂದು ಅವನೂ ಅವನ ಸಹಾಯಕ ಹಿಲ್ಡೆಬ್ರಾಂಟನೂ ಒಬ್ಬರ ಮೇಲೊಬ್ಬರು ಪ್ರಯೋಗ ನಡೆಸಿದರಂತೆ. ಬೀರನು ಸಹಾಯಕನ ಕಾಲನ್ನು ಚಿವುಟಿದನು, ಚುಚ್ಚಿದನು, ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಕಬ್ಬಿಣದ ಸುತ್ತಿಗೆಯಿಂದಲೂ ಹೊಡೆದನು. ಆತನಿಗೆ ನೋವು ತಿಳಿಯಲಿಲ್ಲ. ಇಬ್ಬರೂ ಸಂತೋಷದಿಂದ ಊಟಮಾಡಿ ಮದ್ಯ ಕುಡಿದು ಚುಟ್ಟಾ ಸೇದಿದರು. ಮರುದಿನದಿಂದ ಇಬ್ಬರಿಗೂ ತಲೆಯೆತ್ತಲಾಗದಷ್ಟು ತಲೆನೋವು. ಹಿಲ್ಡೆಬ್ರಾಂಟನಿಗೆ ಕಾಲಿನ ಪೆಟ್ಟುಗಳ ನೋವು ಬೇರೆ. ಮದ್ದಿನ ಬಲವು ಇಳಿದ ಮೇಲೆ ಪೆಟ್ಟು ಪೆಟ್ಟೇ ಎಂಬ ಪಾಠವು ಹೀಗೆ ಮೊದಲ ದಿನವೇ ಸಿದ್ಧವಾಗಿದ್ದಿತು. ಕೊಕೇನಿನ ಸ್ಥಾನದಲ್ಲಿ ಚಟ ಹಿಡಿಸದ, ಹೆಚ್ಚು ಹೊತ್ತು ನಿಲ್ಲುವ ಮದ್ದುಗಳು ಅನಂತರ ಬಂದುವು; ಮಂಡಿಯ ಚಿಕಿತ್ಸೆಯಲ್ಲಿ ಈಗ ಹೆಚ್ಚಾಗಿ ಬಳಸುವುವು ಬುಪಿವಕೇಯ್ನ್ ಮತ್ತು ರೋಪಿವಕೇಯ್ನ್ ಎಂಬುವು.

ಎಡಮಂಡಿಯ ಸರದಿ ಬಂದಾಗ ನಾವು ಬೇರೊಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಅರಿವಳಿಕೆಯ ವೈದ್ಯೆಯು ಹಿಂದಿನ ದಿನವೇ ಬಂದು ನಮ್ಮ ಎದುರಿಗೆ ಕುಳಿತು, ಹಿಂದಿನ ವೃತ್ತಾಂತವನ್ನೆಲ್ಲ ಕೇಳಿ, ಒಂದು ಕಾಗದದ ಹಿಂಬದಿಯಲ್ಲಿ ಕಾಲಿನ ಚಿತ್ರ ಬರೆದು ವಿವರಿಸಿದರು. ಆಕೆ ಮಂಡ್ಯದ ಕಡೆಯವರು. ನಾಲೆ, ತೂಬುಗಳ ಉಪಮೆಯನ್ನೇ ಎತ್ತಿಕೊಂಡರು. ಮಂಡಿಯಲ್ಲಿ ಹುಟ್ಟಿದ ನೋವಿನ ಸುದ್ದಿಯು ನರಗಳೆಂಬ ಕಾಲುವೆಗಳ ಮೂಲಕ ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಹರಿಯುತ್ತದೆ. ನರದ ಮಗ್ಗುಲಿಗೆ ಮದ್ದು ಸುರಿದರೆ, ಸುದ್ದಿಯು ಮುಂದೆ ಸಾಗಲು ಬೇಕಾದ ಸೋಡಿಯಂ ಕಣಗಳು ನರದೊಳಕ್ಕೆ ನುಗ್ಗುವ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಅದು ತೂಬನ್ನು ಇಳಿಸಿದಂತೆ. ನರಕ್ಕೆ ಏನೂ ಕೆಡುಕಾಗಿಲ್ಲ, ಮಂಡಿಯ ಗಾಯವೂ ಎಲ್ಲಿಯೂ ಹೋಗಿಲ್ಲ. ಸುದ್ದಿ ಮಾತ್ರ ನಿಂತಿದೆ. ರಕ್ತವು ಮದ್ದನ್ನು ಸ್ವಲ್ಪಸ್ವಲ್ಪವಾಗಿ ಒಯ್ದ ಮೇಲೆ ತೂಬು ತಾನಾಗಿ ಏಳುತ್ತದೆ. ಇದಕ್ಕೇ ನರ್ವ್ ಬ್ಲಾಕ್ ಎಂದು ಹೆಸರು.

‘ಕಾಲುವೆ ಒಂದೇ ಅಲ್ಲ, ಮೇಷ್ಟ್ರೇ, ಅಲ್ಲಿಯೇ ಇರುವುದು ತೊಡಕು’ ಎಂದರು ಆಕೆ. ಮಂಡಿಯ ಮುಂಭಾಗದ ಸುದ್ದಿಯನ್ನು ಒಯ್ಯುವುವು ತೊಡೆಯ ಮುಂದಿನ ದೊಡ್ಡ ನರದ ಕವಲುಗಳು. ಬಹುಕಾಲ ವೈದ್ಯರು ತೊಡೆಸಂದಿಯ ಬಳಿ ಆ ದೊಡ್ಡ ನರವನ್ನೇ ಅರಿವುಗೆಡಿಸುತ್ತಿದ್ದರು. ನೋವೇನೋ ಚೆನ್ನಾಗಿ ಅಡಗುತ್ತಿದ್ದಿತು. ಆದರೆ ಮಂಡಿಯನ್ನು ನೆಟ್ಟಗೆ ನಿಲ್ಲಿಸುವ ತೊಡೆಯ ಸ್ನಾಯುವಿಗೆ ಬಲ ಕೊಡುವುದೂ ಅದೇ ನರವಾದುದರಿಂದ, ಎದ್ದು ನಿಂತೊಡನೆಯೇ ಕಾಲು ಕುಸಿದು ಬೀಳುವ ಭಯವಿದ್ದಿತು. ಈಗ ಅನೇಕರು ಇನ್ನೂ ಕೆಳಗೆ, ತೊಡೆಯ ಒಳಮಗ್ಗುಲಿನ ಮಧ್ಯಭಾಗದಲ್ಲಿ ಸ್ನಾಯುಗಳ ನಡುವಣ ಓಣಿಯೊಂದರಲ್ಲಿ ಮದ್ದು ಸುರಿಯುತ್ತಾರೆ. ಅಡಕ್ಟರ್ ಕೆನಾಲ್ ಎಂಬ ಆ ಓಣಿಗೆ ಬರುವ ಹೊತ್ತಿಗೆ ಬಲ ಕೊಡುವ ಕವಲುಗಳಲ್ಲಿ ಬಹುಪಾಲು ಬೇರೆಯಾಗಿ ಹೋಗಿರುತ್ತವೆ. ಅರಿವನ್ನು ಒಯ್ಯುವುವು ಮುಖ್ಯವಾಗಿ ಉಳಿದಿರುತ್ತವೆ. ಹೀಗೆ ನೋವು ಕುಗ್ಗಿದರೂ ಕಾಲಿನ ಬಲವು ಬಹುಮಟ್ಟಿಗೆ ನಿಲ್ಲುತ್ತದೆ. ಆದರೂ ಮೊದಲ ಸಲ ಏಳುವಾಗ ಪಕ್ಕದಲ್ಲಿ ಜನವಿರಲೇಬೇಕು.

ಮಂಡಿಯ ಹಿಂಬದಿಯ ನೋವಿಗೆ ಕಾಲುವೆಯೇ ಬೇರೆ. ಅಕ್ಕನ ಬಲಮಂಡಿಯ ಹಿಂಭಾಗದ ನರಗಳಿಗೆ ಯಾವ ತಡೆಯೂ ಇರಲಿಲ್ಲವೆಂಬುದು ಆಗ ನಮಗೆ ತಿಳಿಯಿತು. ಅದಕ್ಕಾಗಿ ಮಂಡಿಯ ಹಿಂದಿನ ರಕ್ತನಾಳಕ್ಕೂ ಕೀಲಿನ ಚೀಲಕ್ಕೂ ನಡುವೆ ಮದ್ದನ್ನು ಹರಡುವ ಮತ್ತೊಂದು ಇಂಜೆಕ್ಷನ್ ಉಂಟು. ಅದಕ್ಕೆ ಐಪ್ಯಾಕ್ ಎಂದು ಕರೆಯುತ್ತಾರೆ. ಈ ಸೂಜಿಗಳನ್ನೆಲ್ಲ ಅಲ್ಟ್ರಾಸೌಂಡ್ ಯಂತ್ರದಲ್ಲಿ ನರ, ರಕ್ತನಾಳ, ಸೂಜಿಯ ತುದಿ ಮೂರನ್ನೂ ನೋಡುತ್ತ ಹಾಕುತ್ತಾರೆ. ಮೂರನೆಯದು ಶಸ್ತ್ರವೈದ್ಯರೇ ಮಾಡುವ ಕೆಲಸ: ಕೀಲನ್ನು ಕೂಡಿಸುವಾಗ, ಗಾಯವನ್ನು ಹೊಲಿಯುವುದಕ್ಕೆ ಮುಂಚೆ, ಸುತ್ತಲಿನ ಪದರಗಳಿಗೆಲ್ಲ ಮದ್ದಿನ ಮಿಶ್ರಣವನ್ನು ಚುಚ್ಚಿ ತುಂಬುವುದು. ಆಸ್ಟ್ರೇಲಿಯದ ಸಿಡ್ನಿಯ ಕೆರ್ ಮತ್ತು ಕೋಹನ್ ಎಂಬ ವೈದ್ಯರು 325 ರೋಗಿಗಳಲ್ಲಿ ಈ ಕ್ರಮವನ್ನು ನಡೆಸಿ 2008ರಲ್ಲಿ ವರದಿಯನ್ನು ಪ್ರಕಟಿಸಿದ ಮೇಲೆ ಇದು ಲೋಕದಲ್ಲೆಲ್ಲ ಹರಡಿತು. ಅವರ ಮಿಶ್ರಣದಲ್ಲಿ ರೋಪಿವಕೇಯ್ನ್, ಉರಿಯೂತವನ್ನು ತಗ್ಗಿಸುವ ಕೀಟೊರೊಲ್ಯಾಕ್, ರಕ್ತನಾಳಗಳನ್ನು ಕುಗ್ಗಿಸಿ ಮದ್ದು ಬೇಗನೆ ಹರಿದುಹೋಗದಂತೆ ತಡೆಯುವ ಅಡ್ರಿನಲಿನ್, ಈ ಮೂರೂ ಇದ್ದುವು. ಅಕ್ಕನ ಮೂತ್ರಪಿಂಡಗಳು ಸ್ವಲ್ಪ ದುರ್ಬಲವೆಂದು ರಕ್ತಪರೀಕ್ಷೆಯಲ್ಲಿ ಕಂಡುಬಂದುದರಿಂದ ಆಕೆಯ ಮಿಶ್ರಣದಲ್ಲಿ ಕೀಟೊರೊಲ್ಯಾಕನ್ನು ಬಿಟ್ಟರು. ಹೆಚ್ಚು ದಿನ ನಿಲ್ಲುವುದೆಂದು ಹೇಳಿ ಬಹಳ ಬೆಲೆಗೆ ಮಾರುವ, ಮೇದಸ್ಸಿನ ಸಣ್ಣ ಚೀಲಗಳಲ್ಲಿ ಅಡಗಿಸಿದ ಬುಪಿವಕೇಯ್ನ್ ಎಂಬುದೊಂದು ವಿದೇಶಗಳಲ್ಲಿ ಉಂಟು. ಆದರೆ ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಮಂಡಿಯ ಚಿಕಿತ್ಸೆಗೆ ಅದರಿಂದ ಸಾಮಾನ್ಯ ಬುಪಿವಕೇಯ್ನಿಗಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಬೆಲೆಯನ್ನು ನೋಡಿ ಔಷಧದ ಗುಣವನ್ನು ನಿಶ್ಚಯಿಸುವವರಿಗಾಗಿ ಇದನ್ನು ಬರೆದೆನು.

ಈ ಮದ್ದುಗಳಿಗೆ ಒಂದು ಮಿತಿಯುಂಟು. ಎಲ್ಲ ಸೂಜಿಗಳಲ್ಲಿಯೂ ಹೋಗುವ ಒಟ್ಟು ಪ್ರಮಾಣವನ್ನು ರೋಗಿಯ ತೂಕಕ್ಕೆ ತಕ್ಕಂತೆ ಲೆಕ್ಕಹಾಕಬೇಕು. ಮಿತಿಮೀರಿ ರಕ್ತಕ್ಕೆ ಸೇರಿದರೆ ಹೃದಯಕ್ಕೂ ಮಿದುಳಿಗೂ ಅಪಾಯ. ಬಾಯಿಯ ಸುತ್ತ ಜೋಮು, ನಾಲಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವಿಕೆ ಇವುಗಳಲ್ಲಿ ಯಾವುದು ಕಂಡರೂ ರೋಗಿಯು ಒಡನೆಯೇ ಹೇಳಬೇಕು. ರಕ್ತವನ್ನು ತೆಳುವಾಗಿಸುವ ಗುಳಿಗೆ ನುಂಗುವವರು ಅದನ್ನು ಮುಚ್ಚಿಡದೆ ಮೊದಲೇ ತಿಳಿಸಬೇಕು, ಏಕೆಂದರೆ ಬೆನ್ನಿಗೆ ಸೂಜಿ ಹಾಕುವಾಗ ಒಳಗೆ ರಕ್ತ ಕಟ್ಟಿಕೊಳ್ಳುವ ಭಯವಿರುತ್ತದೆ. ಮತ್ತೊಂದು ವಿಷಯ: ‘ಶಸ್ತ್ರಚಿಕಿತ್ಸೆಯ ತಾರೀಖು ಬರುವವರೆಗೆ ನೋವು ತಡೆಯಲಿ’ ಎಂದು ಕೆಲವರು ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚಿನ 3 ತಿಂಗಳೊಳಗೆ ಹಾಗೆ ಹಾಕಿಸಿದರೆ ಹೊಸ ಕೀಲಿಗೆ ಸೋಂಕು ತಗಲುವ ಸಂಭವವು ಹೆಚ್ಚುತ್ತದೆ. ಹಾಕಿಸಿದ್ದರೆ ತಾರೀಖನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಇನ್ನು ಮುಖ್ಯವಾದ ಮಾತು. ಬೆನ್ನಿನ ಸೂಜಿಯ ಅರಿವಳಿಕೆಯು ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಒಂದೇ ಸಲ ಹಾಕಿದ ನರ್ವ್ ಬ್ಲಾಕು ಸಾಮಾನ್ಯವಾಗಿ 12ರಿಂದ 24 ಗಂಟೆಗಳವರೆಗೆ ನಿಲ್ಲುತ್ತದೆ. ಬೆಳಗ್ಗೆ ಶಸ್ತ್ರಚಿಕಿತ್ಸೆಯಾದವರಿಗೆ ಅದು ಇಳಿಯುವುದು ನಡುರಾತ್ರಿಯಲ್ಲಿ, ವೈದ್ಯರು ಮನೆಗೆ ಹೋಗಿ, ದೀಪವಾರಿಸಿ, ಜೊತೆಗಿರುವವರು ನಿದ್ರೆಹೋದ ಹೊತ್ತಿನಲ್ಲಿ. ಅಲ್ಲಿಯವರೆಗೆ ಏನೂ ಅರಿಯದಿದ್ದ ದೇಹಕ್ಕೆ ಅಷ್ಟು ನೋವೂ ಒಮ್ಮೆಗೇ ತಿಳಿಯುವುದರಿಂದ ಅದು ಇನ್ನೂ ಭಯಂಕರವಾಗಿ ತೋರುತ್ತದೆ. ವೈದ್ಯರು ಇದಕ್ಕೆ ರಿಬೌಂಡ್ ನೋವೆನ್ನುತ್ತಾರೆ. ತೂಬನ್ನು ಎತ್ತುವ ಮುಂಚೆಯೇ ಕೆಳಗಿನ ಗದ್ದೆಯ ಬದುವನ್ನು ಭದ್ರಪಡಿಸುವ ಹಾಗೆ, ನೋವಿಲ್ಲದಿರುವಾಗಲೇ ಗುಳಿಗೆಗಳನ್ನು ಆರಂಭಿಸಿರಬೇಕು. ಕೆಲವು ಕಡೆ ನರದ ಬಳಿ ಸಣ್ಣ ಕೊಳವೆಯನ್ನಿಟ್ಟು ಎರಡು ಮೂರು ದಿನ ಮದ್ದನ್ನು ತೊಟ್ಟಿಕ್ಕಿಸುವುದೂ ಉಂಟು.

ಗುಳಿಗೆಗಳಲ್ಲಿ ಮೊದಲನೆಯದು ಪ್ಯಾರಾಸಿಟಮಾಲ್. ಅದನ್ನು ನೋವು ಬಂದಾಗಲ್ಲ, ಗಡಿಯಾರವನ್ನು ನೋಡಿ ಕೊಡಬೇಕು. ದಿನಕ್ಕೆ 4 ಗ್ರಾಮನ್ನು ಮೀರಬಾರದು. ಕೃಶರಾದ ವೃದ್ಧರಿಗೂ ಯಕೃತ್ತು ಕೆಟ್ಟವರಿಗೂ ವೈದ್ಯರು ಇನ್ನೂ ಕಡಿಮೆ ಹೇಳುತ್ತಾರೆ. ನೆಗಡಿಯ ಗುಳಿಗೆಗಳಲ್ಲಿಯೂ ಇದು ಸೇರಿರುವುದರಿಂದ ಲೆಕ್ಕ ತಪ್ಪದಂತೆ ನೋಡಬೇಕು. ಎರಡನೆಯದು ಉರಿಯೂತವನ್ನು ಇಳಿಸುವ ಜಾತಿ. ಬಹಳ ಉಪಕಾರಿ, ಆದರೆ ಮೂತ್ರಪಿಂಡದ ದೌರ್ಬಲ್ಯ, ಹೊಟ್ಟೆಹುಣ್ಣು, ಹೃದ್ರೋಗವುಳ್ಳವರಿಗೆ ಹೊಂದುವುದಿಲ್ಲ. ಹಳೆಯ ಮಂಡಿನೋವಿಗೆಂದು ಮನೆಯ ಡಬ್ಬಿಯಲ್ಲಿ ಉಳಿದಿರುವ ಗುಳಿಗೆಗಳು ಹೆಚ್ಚಾಗಿ ಈ ಜಾತಿಯವೇ. ಅವನ್ನು ಆಸ್ಪತ್ರೆಯವರು ಕೊಟ್ಟುದರ ಜೊತೆಗೆ ಸೇರಿಸಿ ನುಂಗಬಾರದು. ಮೂರನೆಯದು ಟ್ರಮಡಾಲ್ ಮುಂತಾದ, ಅಫೀಮಿನ ವರ್ಗಕ್ಕೆ ಸೇರಿದ ಔಷಧಗಳು. ಇವು ಉಳಿದವುಗಳನ್ನು ಮೀರಿ ನುಗ್ಗುವ ನೋವಿಗೆ, ಕೆಲವೇ ದಿನಗಳ ಮಟ್ಟಿಗೆ. ಓಕರಿಕೆ, ತಲೆತಿರುಗು, ಮಲಬದ್ಧತೆ ಇವುಗಳ ದೋಷಗಳು. ಮಲಬದ್ಧತೆಯನ್ನು ನಗೆಯ ವಿಷಯವೆಂದು ತಿಳಿಯಬಾರದು. ಹೊಸ ಮಂಡಿಯಲ್ಲಿ ಕಮೋಡಿನ ಮೇಲೆ ಕುಳಿತು ತಿಣುಕುವುದು ಎಂತಹ ಯಾತನೆಯೆಂಬುದನ್ನು ಪಟ್ಟವರೇ ಬಲ್ಲರು. ನೀರು, ಸೊಪ್ಪು, ಹಣ್ಣುಗಳನ್ನು ಮೊದಲ ದಿನದಿಂದಲೇ ಕೊಡುತ್ತ, ಬೇಕಾದರೆ ವೈದ್ಯರನ್ನು ಕೇಳಿ ಸೌಮ್ಯವಾದ ವಿರೇಚಕವನ್ನೂ ಕೊಡಬೇಕು.

ಇಷ್ಟನ್ನೆಲ್ಲ ಹೇಳಿದ ಮೇಲೆ ಆ ವೈದ್ಯೆಯು ಅಕ್ಕನ ಕಡೆಗೆ ತಿರುಗಿ, ‘ಅಮ್ಮಾ, ನೀವು ಎರಡು ಅಂದರೆ ನಾವು ಎರಡರ ಔಷಧವನ್ನೇ ಕೊಡುತ್ತೇವೆ. ಏಳರ ನೋವಿಗೆ ಅದು ಸಾಲುವುದಿಲ್ಲ. ಸುಮ್ಮನೆ ಮಲಗಿರುವಾಗ ಎಷ್ಟು, ಕಾಲು ಆಡಿಸಿದಾಗ ಎಷ್ಟು, ಎರಡನ್ನೂ ಹೇಳಬೇಕು’ ಎಂದರು. ಅಕ್ಕ ತಲೆಯಾಡಿಸಿದಳು. ಆಮೇಲೆ ನನ್ನನ್ನು ಬಾಗಿಲವರೆಗೆ ಕರೆದು ಮೆಲ್ಲನೆ, ‘ಮೇಷ್ಟ್ರೇ, ರಾತ್ರಿ ನರ್ಸ್ ಬಂದು ಕೇಳುವಾಗ ನೀವು ಹೊರಗಿದ್ದರೆ ಒಳ್ಳೆಯದು’ ಎಂದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಎರಡು ವರ್ಷಗಳ ಹಿಂದೆ ಅಕ್ಕ ‘ಎರಡು’ ಎಂದುದು ನರ್ಸಿಗಲ್ಲ, ನನಗೆ, ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಎಡಮಂಡಿಯ ಶಸ್ತ್ರಚಿಕಿತ್ಸೆಯಾದ ರಾತ್ರಿ 10 ಗಂಟೆಗೆ ಗುಳಿಗೆ ಕೊಡಬಂದಾಗ ಅಕ್ಕ, ‘ನೋವೇ ಇಲ್ಲವಲ್ಲೇ ಮಗಳೇ, ಯಾತಕ್ಕೆ?’ ಎಂದು ಕೇಳಿದಳು, ಕೇಳಿದರೂ ನುಂಗಿದಳು. 2 ಗಂಟೆಯ ಮೇಲೆ ಎಚ್ಚರವಾಗಿ ಕಾಲು ಮಿಡುಕಾಡಿತು. ಗಂಟೆಯ ಗುಂಡಿಯನ್ನು ಒತ್ತಿದವನು ನಾನು. ಒತ್ತಿ ಹೊರಗೆ ಹೋಗಿ ಪಡಸಾಲೆಯ ಬೆಂಚಿನ ಮೇಲೆ ಕುಳಿತೆನು. ಬಾಗಿಲು ಅರೆ ತೆರೆದಿದ್ದುದರಿಂದ ಮಾತು ಕೇಳಿಸುತ್ತಿದ್ದಿತು. ‘ಎಷ್ಟಜ್ಜಿ?’ ಎಂದಿತು ಹುಡುಗಿಯ ದನಿ. ಬಹಳ ಹೊತ್ತು ಸದ್ದಿಲ್ಲ. ‘ಮಲಗಿದ್ದರೆ ಐದು. ಆಡಿಸಿದರೆ… ಏಳು. ಎಂಟೇ ಬರಕೋ’ ಎಂದಳು ಅಕ್ಕ. ಅರುವತ್ತೇಳು ವರ್ಷಗಳಲ್ಲಿ ಆಕೆ ತನ್ನ ನೋವನ್ನು ಕುರಿತು ಆಡಿದ ಅಷ್ಟು ನೇರವಾದ ಮಾತನ್ನು ನಾನು ಕೇಳಿದ್ದುದಿಲ್ಲ. ಹೆಚ್ಚಿನ ಔಷಧವನ್ನು ಕೊಟ್ಟರು. ತಣ್ಣನೆಯ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಮಂಡಿಯ ಮೇಲಿಟ್ಟರು. ಅರ್ಧ ಗಂಟೆಯ ತರುವಾಯ ಮತ್ತೆ ಬಂದು ಕೇಳಿದರು. ಆಗ ನಾಲ್ಕೆಂದಳು, ಹಾಗೆಯೇ ನಿದ್ರೆಹೋದಳು. ಬೆಳಗ್ಗೆ ಹಾಸಿಗೆಯ ಅಂಚಿನಲ್ಲಿ ಕುಳಿತು ಕಾಲನ್ನು ಇಳಿಬಿಟ್ಟು ತಾನೇ ಮಡಿಸಿದಳು. ವಾಕರ್ ಹಿಡಿದು ಬಾಗಿಲವರೆಗೆ ನಡೆದಳು. ನೋವು ಇದ್ದಿತು. ಆದರೆ ಕಾಲನ್ನು ಆಡಿಸಗೊಡದಷ್ಟು ಇರಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕನ ಸೊಸೆಯು ಗೋಡೆಯ ಕ್ಯಾಲೆಂಡರಿನ ಮೇಲೆ ಗುಳಿಗೆಗಳ ವೇಳೆಯನ್ನು ಬರೆದು, ಕೊಟ್ಟೊಡನೆ ಗೆರೆ ಹಾಕುತ್ತಿದ್ದಳು. ಗುಳಿಗೆ ನುಂಗಿ ಮುಕ್ಕಾಲು ಗಂಟೆಯ ಮೇಲೆ ಸಾಧನೆ, ಸಾಧನೆಯಾದ ಮೇಲೆ 15 ಅಥವಾ 20 ನಿಮಿಷ ತಂಪು. ಈ ಕ್ರಮವನ್ನು ಬಿಡಲಿಲ್ಲ. ಮಲಗುವಾಗ ಮಂಡಿಯ ಕೆಳಗೆ ದಿಂಬಿಡುವುದು ಸುಖವೆನಿಸುತ್ತದೆ, ಆದರೆ ಅದರಿಂದ ಕಾಲು ನೆಟ್ಟಗಾಗದೆ ಬಾಗಿಯೇ ನಿಲ್ಲುತ್ತದೆ. ದಿಂಬನ್ನು ಹಿಮ್ಮಡಿಯ ಕೆಳಗೆ ಇಡಬೇಕು. ಎಣ್ಣೆ ತಿಕ್ಕುವೆನೆಂದು ಬಂದ ನೆರೆಮನೆಯ ಮುದುಕಿಯನ್ನು ಕಾಫಿ ಕೊಟ್ಟು ಕಳುಹಿಸಿದೆವು. ಮೀನಖಂಡದಲ್ಲಿ ಊತವೂ ನೋವೂ ಬಂದರೆ ಅದು ಒಳಗೆ ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ತಿಕ್ಕಿದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ. ಮೀನಖಂಡದ ಊತ, ಏದುಸಿರು, ಎದೆನೋವು, ಜ್ವರ, ಗಾಯದಿಂದ ಕೀವು, ಪಾದವನ್ನು ಮೇಲಕ್ಕೆತ್ತಲಾಗದಿರುವುದು, ಕಡಿಮೆಯಾಗುತ್ತಿದ್ದ ನೋವು ಥಟ್ಟನೆ ಏರುವುದು, ಇವುಗಳಲ್ಲಿ ಯಾವುದಕ್ಕೂ ಗುಳಿಗೆ ಕೊಟ್ಟು ಕಾಯಬಾರದು, ಆಸ್ಪತ್ರೆಗೆ ಹೋಗಬೇಕು.

ಎಷ್ಟು ಎಚ್ಚರವಹಿಸಿದರೂ, ಮಂಡಿ ಬದಲಾಯಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ತಿಂಗಳುಗಳು ಕಳೆದರೂ ಒಂದಿಷ್ಟು ನೋವು ಉಳಿಯುತ್ತದೆ. ಅದು ಅವರ ಕಲ್ಪನೆಯಲ್ಲ. ಅದಕ್ಕೂ ಕಾರಣವನ್ನು ಹುಡುಕಿ ಚಿಕಿತ್ಸೆ ಮಾಡುವ ವೈದ್ಯರಿದ್ದಾರೆ. ಮನೆಯವರು ‘ಇಷ್ಟು ಖರ್ಚುಮಾಡಿದ ಮೇಲೂ ನೋವೇ?’ ಎಂದು ಕೇಳದಿದ್ದರೆ ಅವರಿಗೆ ದೊಡ್ಡ ಉಪಕಾರವಾಗುತ್ತದೆ.

ಅಕ್ಕನ ಎಡಮಂಡಿಯು ಮೂರನೆಯ ತಿಂಗಳಿಗೆ 115 ಡಿಗ್ರಿ ಮಡಿಯಿತು. ಬಲಮಂಡಿಯು ಆ ಬಲವಂತದ ಮಡಿಕೆಯ ತರುವಾಯ 95ಕ್ಕೆ ಬಂದು ನಿಂತುದು ಅಲ್ಲಿಂದ ಮುಂದೆ ಹೋಗಲೇ ಇಲ್ಲ. ನಮ್ಮ ಮನೆಯ ಮುಂದೆ 4 ಮೆಟ್ಟಿಲುಗಳಿವೆ. ಇಳಿಯುವಾಗ ಮೇಲಿನ ಮೆಟ್ಟಿಲಿನಲ್ಲಿ ಉಳಿಯುವ ಕಾಲು ಹೆಚ್ಚು ಮಡಿಯಬೇಕಾಗುವುದರಿಂದ, ಆಕೆ ಪ್ರತಿ ಸಲವೂ ಬಲಗಾಲನ್ನೇ ಮೊದಲು ಕೆಳಗಿಟ್ಟು, ಎಡಗಾಲನ್ನು ಆಮೇಲೆ ಅದರ ಪಕ್ಕಕ್ಕೆ ತರುತ್ತಾಳೆ. ನಾನು ಕೈ ಕೊಡಲು ಹೋದರೆ, ‘ಬಿಡೋ, ನೋವಿಲ್ಲ’ ಎನ್ನುತ್ತಾಳೆ. ‘ಎಷ್ಟು?’ ಎಂದು ಕೇಳುತ್ತೇನೆ. ‘ಸುಮ್ಮನಿದ್ದರೆ ಸೊನ್ನೆ, ಇಳಿಯುವಾಗ ಎರಡು’ ಎನ್ನುತ್ತಾಳೆ. ಈಗ ಅದನ್ನು ನಂಬುತ್ತೇನೆ.